ಭಾರತದ ವೃತ್ತಿಪರ ಗಾಲ್ಫ್ ಟೂರ್ ಪಿಜಿಟಿಐನಲ್ಲಿ ಮೊದಲ ಸೀಸನ್: ಹಣ, ವೇಳಾಪಟ್ಟಿ, ತಯಾರಿ ಹೇಗೆ?

ಔಂಧ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗ ಪುಣೆಯಲ್ಲೇ ಗಾಲ್ಫ್ ಕಲಿತವನು, ಹ್ಯಾಂಡಿಕ್ಯಾಪ್ ಪ್ಲಸ್ 2 (ಅಂದರೆ ಪಾರ್‌ಗಿಂತ ಸುಮಾರು ಎರಡು ಹೊಡೆತ ಉತ್ತಮ). ಪಿಜಿಟಿಐ ಕ್ವಾಲಿಫೈಯಿಂಗ್ ಸ್ಕೂಲಿಗೆ (ಟೂರ್‌ನ ಆಯ್ಕೆ ಟೂರ್ನಿ, ಕ್ಯೂ ಸ್ಕೂಲ್) ಹೋಗುತ್ತೇನೆ ಅಂತಿದ್ದಾನೆ. ಸ್ಪಾನ್ಸರ್ ಯಾರೂ ಇಲ್ಲ, ಮನೆಯವರೇ ಹಣ ಹಾಕಬೇಕು. ಕಾರ್ಡ್ (ಟೂರ್‌ನಲ್ಲಿ ಆಡುವ ಹಕ್ಕು) ಸಿಕ್ಕರೆ ವರ್ಷದ ಖರ್ಚಿನ ಲೆಕ್ಕ ಹೇಗೆ ಹಾಕಬೇಕು? ಹೊಸಬರು ಎಲ್ಲಿ ಎಡವುತ್ತಾರೆ? ತಿಳಿದವರು ಹೇಳಿ.

ಚೆಂಬೂರು ಫೇರ್‌ವೇ:
ಮೊದಲಿಗೆ ಒಂದು ಮಾತು: ಕ್ಯೂ ಸ್ಕೂಲನ್ನು ಅಮೆಚೂರ್ (ಹವ್ಯಾಸಿ) ಆಗಿಯೇ ಆಡಿ ನೋಡಬಹುದು. ಪ್ರೊ ಅಂತ ಘೋಷಿಸಿಕೊಂಡ ಮೇಲೆ ಅಮೆಚೂರ್ ಟೂರ್ನಿಗಳ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಆತುರ ಬೇಡ.

ಇನ್ನು ಹಣ. ಟೂರ್ನಿ ಸಾಮಾನ್ಯವಾಗಿ 72 ಹೋಲ್ (ನಾಲ್ಕು ರೌಂಡ್), ಮಂಗಳವಾರದಿಂದ ಶುಕ್ರವಾರದವರೆಗೆ. 36 ಹೋಲ್ ಆದ ಮೇಲೆ ಮೊದಲ 50 ಸ್ಥಾನ ಮತ್ತು ಸಮಬಲದವರು ಮಾತ್ರ ಮುಂದಕ್ಕೆ. ಉಳಿದವರಿಗೆ ಒಂದು ರೂಪಾಯಿಯೂ ಇಲ್ಲ, ಎಂಟ್ರಿ ಫೀ, ಹೋಟೆಲ್, ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಎಲ್ಲ ಕೈಯಿಂದಲೇ. ಒಟ್ಟು ಬಹುಮಾನ 1 ಕೋಟಿಯ ಟೂರ್ನಿಯಲ್ಲಿ ಗೆದ್ದವರಿಗೆ 15 ಲಕ್ಷ ಬರುತ್ತದೆ ನಿಜ, ಆದರೆ ಬಹುಮಾನ ಕೆಳಗಿಳಿದಂತೆ ಬೇಗ ಕರಗುತ್ತದೆ. ಸಮಬಲವಾದರೆ ಆ ಸ್ಥಾನಗಳ ಮೊತ್ತ ಕೂಡಿಸಿ ಹಂಚುತ್ತಾರೆ. ಮೂವರು 20ನೇ ಸ್ಥಾನದಲ್ಲಿದ್ದು, 20, 21, 22ನೇ ಸ್ಥಾನಗಳಿಗೆ 1.10, 1.05, 1.00 ಲಕ್ಷ ಇದೆ ಎಂದಿಟ್ಟುಕೊಳ್ಳಿ, ತಲಾ 1.05 ಲಕ್ಷ.

ಆದ್ದರಿಂದ ಬಜೆಟ್ ಹಾಕುವಾಗ ಗಳಿಕೆಯನ್ನು ಸೊನ್ನೆ ಎಂದೇ ಬರೆಯಿರಿ. ವಾರಕ್ಕೆ 40,000 ಖರ್ಚಾಗುತ್ತದೆ, 12 ಟೂರ್ನಿ ಆಡುತ್ತಾನೆ ಎಂದಾದರೆ 4.8 ಲಕ್ಷ ಪಕ್ಕಕ್ಕೆ ಇರಲೇಬೇಕು. ಅರ್ಧ ವರ್ಷಕ್ಕೇ ಹಣ ಮುಗಿದರೆ ಹುಡುಗ ಪಟ್ (ಹೋಲ್‌ನತ್ತ ಚೆಂಡು ಉರುಳಿಸುವ ಹೊಡೆತ) ಹೊಡೆಯುವಾಗ ಪ್ರತಿ ಪಟ್‌ನಲ್ಲೂ ಹೋಟೆಲ್ ಬಿಲ್ಲನ್ನೇ ನೋಡುತ್ತಾನೆ. ಬಹುಮಾನದ ಮೇಲೆ ಟಿಡಿಎಸ್ ಕಡಿತವಾಗಿದ್ದರೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಸರಿಯಾಗಿ ಕಾಣಿಸುತ್ತದೆಯೇ ನೋಡಿಕೊಳ್ಳಿ.

ಖಾರ್‌ಘರ್ ಗ್ರೀನ್:
ಲೆಕ್ಕಕ್ಕಿಂತ ದೂರದ ಅಂದಾಜೇ ಹೊಸಬರನ್ನು ಹೆಚ್ಚು ಕೆಡಿಸುತ್ತದೆ. ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ 300 ಮೀಟರ್ ಹೆಚ್ಚಿದಾಗ ಚೆಂಡು ಸುಮಾರು ಶೇ. 1ರಷ್ಟು ಮುಂದೆ ಹೋಗುತ್ತದೆ. ಮುಂಬೈನಲ್ಲಿ 160 ಗಜ ಹೋಗುವ ಐರನ್ ಕ್ಲಬ್‌ನ ಹೊಡೆತ ಅಲ್ಲಿ 165ರ ಹತ್ತಿರ. ಪುಣೆಯಲ್ಲಿ ಕಲಿತವನಿಗೆ ಈ ವ್ಯತ್ಯಾಸ ಅರ್ಧಕ್ಕಿಂತಲೂ ಕಡಿಮೆ. ಇದಕ್ಕೆ ತಿರುವು ಮುರುವು ದೆಹಲಿ, ಚಂಡೀಗಢದ ಚಳಿಗಾಲದ ಬೆಳಗ್ಗೆ: ತಣ್ಣನೆಯ ಗಾಳಿಯಲ್ಲಿ ಅದೇ ಶಾಟ್‌ಗೆ ಒಂದು ಹಂತ ಹೆಚ್ಚು ದೂರ ಹೊಡೆಯುವ ಕ್ಲಬ್ ಬೇಕಾಗಬಹುದು. ಸೋಮವಾರದ ಪ್ರಾಕ್ಟೀಸ್ ರೌಂಡ್‌ನಲ್ಲಿ ಸ್ಕೋರ್ ಮರೆತು ದೂರಗಳನ್ನು ಬರೆದುಕೊಳ್ಳಲಿ.

ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ಯಾವ ಕಡೆ ವಾಲಿದೆ ಎಂಬುದು ಮುಖ್ಯ. ಹೊಳೆಯುತ್ತಿದ್ದರೆ ಹುಲ್ಲು ನಿಮ್ಮಿಂದ ಆಚೆಗೆ ವಾಲಿದೆ, ಪಟ್ ಓಡುತ್ತದೆ; ಕಪ್ಪಗೆ ಕಂಡರೆ ನಿಧಾನ. ಗುರುತು ಸಿಗದಿದ್ದರೆ ಕಪ್ ಅಂಚು ನೋಡಿ: ಯಾವ ಬದಿ ಹರಿದಂತೆ ಸವೆದಿದೆಯೋ ಹುಲ್ಲು ಆ ಕಡೆ ವಾಲಿದೆ.

ವೆಜ್ (ಹತ್ತಿರದ ಎತ್ತರದ ಹೊಡೆತದ ಕ್ಲಬ್) ಎರಡು ಬಗೆ ಇರಲಿ. ಮಳೆ ಬಿದ್ದ ಮೆತ್ತನೆಯ ನೆಲಕ್ಕೆ 12 ಡಿಗ್ರಿ ಆಸುಪಾಸಿನ ಬೌನ್ಸ್ (ಕ್ಲಬ್ ತಳದ ಕೋನ), ಬೇಸಿಗೆಯ ಗಟ್ಟಿ ನೆಲಕ್ಕೆ 6ರಿಂದ 8. ಗಟ್ಟಿ ನೆಲದಲ್ಲಿ ಹೆಚ್ಚು ಬೌನ್ಸ್ ಇದ್ದರೆ ಕ್ಲಬ್ ಪುಟಿದು ಚೆಂಡಿನ ನಡುವಿಗೆ ತಾಗುತ್ತದೆ.

ವಿಮಾನದಲ್ಲಿ ಚೆಕ್-ಇನ್ ಮಿತಿ ಹೆಚ್ಚಾಗಿ 15 ಕಿಲೋ. ಬ್ಯಾಗೇ ಅದರ ಹತ್ತಿರ ಬರುತ್ತದೆ, ಬಟ್ಟೆ ಬೇರೆ. ಬೆಂಗಳೂರಿಗಾದರೆ ಉದ್ಯಾನ್ ಎಕ್ಸ್‌ಪ್ರೆಸ್ ಅಗ್ಗ, ಬ್ಯಾಗೂ ಕಣ್ಣೆದುರಿಗೇ ಇರುತ್ತದೆ.

ಔಂಧ್ ಕನ್ನಡಿಗ:
ಇಬ್ಬರಿಗೂ ಧನ್ಯವಾದ. ಕ್ಯಾಡಿಯನ್ನು ಜೊತೆಗೇ ಕರೆದೊಯ್ಯಬೇಕೇ, ಅಲ್ಲೇ ಸಿಗುತ್ತಾರೆಯೇ? ನಿಯಮಗಳಲ್ಲಿ ಯಾವುದರ ಬಗ್ಗೆ ಎಚ್ಚರ ಬೇಕು?

ಚೆಂಬೂರು ಫೇರ್‌ವೇ:
ಮೊದಲ ವರ್ಷ ಅಲ್ಲಿಯ ಕ್ಯಾಡಿಯೇ ಸಾಕು ಸರ್. ಗ್ರೀನ್ ಬಲ್ಲವರು, ಪ್ರಯಾಣ ಖರ್ಚೂ ಇಲ್ಲ. ಜಂಶೆಡ್‌ಪುರದಲ್ಲಿ ಬೆಲ್ಡಿಹ್ ಮತ್ತು ಗೋಲ್ಮುರಿ ಎರಡು ಕೋರ್ಸ್‌ಗಳಲ್ಲಿ ಆಡಿಸಿದಾಗ, ಎರಡನ್ನೂ ಬಲ್ಲವರನ್ನು ಮುಂಚೆಯೇ ಗೊತ್ತುಮಾಡಿ. ವಾರದ ಕೂಲಿ, ಬಹುಮಾನದಲ್ಲಿ ಪಾಲು ಎಷ್ಟು ಎಂಬುದನ್ನು ಪ್ರಾಕ್ಟೀಸ್ ರೌಂಡ್‌ಗೆ ಮೊದಲೇ ಮಾತಾಡಿಕೊಳ್ಳಿ.

ನಿಯಮದಲ್ಲಿ ಸ್ಕೋರ್‌ಕಾರ್ಡ್ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಒಂದು ಹೋಲ್‌ಗೆ ನಿಜಕ್ಕಿಂತ ಕಡಿಮೆ ಬರೆದು ಸಹಿ ಹಾಕಿದರೆ ಅನರ್ಹ, ಹೆಚ್ಚು ಬರೆದರೆ ಆ ಹೆಚ್ಚೇ ಗಟ್ಟಿ. ಟೀಗೆ (ಆಟ ಶುರುಮಾಡುವ ಜಾಗಕ್ಕೆ) 5 ನಿಮಿಷದೊಳಗೆ ತಡವಾದರೆ 2 ಸ್ಟ್ರೋಕ್, ಅದಕ್ಕಿಂತ ತಡವಾದರೆ ಆಟವೇ ಇಲ್ಲ. ಕಳೆದ ಚೆಂಡಿಗೆ ಹುಡುಕಾಟ 3 ನಿಮಿಷ ಮಾತ್ರ. ಆಮೇಲೆ ಬ್ಯಾಗ್: ಎರಡು ಬಗೆಯ ವೆಜ್ ಒಯ್ಯುವವರು 14 ಕ್ಲಬ್ ಮೀರುವುದು ಸುಲಭ. ಮೀರಿದರೆ ಹೋಲ್‌ಗೆ 2ರಂತೆ, ರೌಂಡ್‌ಗೆ 4 ಸ್ಟ್ರೋಕ್‌ವರೆಗೆ ದಂಡ. ಮೊದಲ ಟೀಯಲ್ಲಿ ಕ್ಯಾಡಿಯ ಎದುರೇ ಒಂದೊಂದಾಗಿ ಎಣಿಸಲಿ.