ಮೊದಲ ಡೆಸ್ಕ್‌ಟಾಪ್: 40 ಸಾವಿರದಲ್ಲಿ ಯಾವ ಪಾರ್ಟ್ಸ್ ತಗೊಳ್ಳಲಿ?

ಪ್ರಶ್ನೆ, ಸೋಮವಾರಪೇಟೆಯಿಂದ:
ತಂಗಿಯ ಓದಿಗೆ ನಾನೇ ಪಿಸಿ ಜೋಡಿಸಬೇಕು ಅಂತಿದ್ದೇನೆ. ಕೋಡಿಂಗ್, ಸ್ವಲ್ಪ ಫೋಟೋ ಎಡಿಟಿಂಗ್. ಮಾನಿಟರ್ ಇದೆ. ರೈಜೆನ್ 5 5600 ಪ್ರೊಸೆಸರ್ ತಗೊಂಡು ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿದರೆ ನಡೆಯುತ್ತಾ?

ಉತ್ತರ, ಮಡಿಕೇರಿಯಿಂದ:
ನಡೆಯಲ್ಲ. ಆ ಚಿಪ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕುವವರೆಗೆ ಸ್ಕ್ರೀನ್ ಕಪ್ಪಗೇ ಇರುತ್ತದೆ. ಕೊನೆಯಲ್ಲಿ 'ಜಿ' ಇರುವ 5600ಜಿ ತಗೊಳ್ಳಿ. 6 ಕೋರ್, ಒಳಗೇ ಗ್ರಾಫಿಕ್ಸ್, ಬಾಕ್ಸ್‌ನಲ್ಲೇ ಕೂಲರ್. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, 8ರ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುವುದರಿಂದ ಎರಡು ಕಡ್ಡಿ ಇದ್ದರೆ ವೇಗ ಚೆನ್ನಾಗಿ ಸಿಗುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ. 500 ಜಿಬಿ ಎನ್‌ವಿಎಂಇ (ಫೈಲ್ ಇಡುವ ವೇಗದ ಡ್ರೈವ್) ಸಾಕು.

ದಯವಿಟ್ಟು ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಮಾತ್ರ ಬೇಡ. ನಮ್ಮ ಮಳೆಗಾಲದ ಕರೆಂಟ್ ನಿಮಗೆ ಗೊತ್ತಲ್ವಾ? ಬ್ರ್ಯಾಂಡೆಡ್ 450 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ ದರ್ಜೆ) ಇರಲಿ.

ಉತ್ತರ, ಗೋಣಿಕೊಪ್ಪದಿಂದ:
ಯುಪಿಎಸ್ ಮರೀಬೇಡಿ. ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ಕೇಬಲ್ಲೂ ಕೀಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಣ್ಣ. ಜೂನ್‌ನಲ್ಲಿ ಗೋಡೆಯೇ ಒದ್ದೆ ಆಗುತ್ತದೆ. ಎಲ್ಲಿಡಲಿ?

ಉತ್ತರ, ಮಡಿಕೇರಿಯಿಂದ:
ನೆಲದ ಮೇಲೆ ಬೇಡ, ಗೋಡೆಯಿಂದ ಒಂದಡಿ ಬಿಟ್ಟು ಮೇಜಿನ ಮೇಲಿಡಿ. ಕೆಲಸ ಇಲ್ಲದಿದ್ದರೂ ದಿನಾ ಸ್ವಲ್ಪ ಹೊತ್ತು ಆನ್ ಮಾಡಿ. ಆ ಬಿಸಿಗೆ ಒಳಗೆ ತೇವ ನಿಲ್ಲಲ್ಲ.