ವಾರವಾರವೂ ತೊಳೆದರೂ ಗೋಲ್ಡ್‌ಫಿಶ್ ಸಾಯುತ್ತಿರುವುದೇಕೆ?

ಪ್ರಶ್ನೆ: ಹೊಸಕೊಳ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮಗಳ ಒತ್ತಾಯಕ್ಕೆ ಮಣಿದು ಎರಡು ತಿಂಗಳ ಹಿಂದೆ ಎರಡು ಅಡಿ ಉದ್ದದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿಯನ್ನೂ ನಾಲ್ಕು ಗೋಲ್ಡ್‌ಫಿಶ್‌ಗಳನ್ನೂ ತಂದೆ. ಪ್ರತಿ ಭಾನುವಾರ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಹೊಸ ನೀರು ತುಂಬುತ್ತೇನೆ. ನಲ್ಲಿಯಲ್ಲಿ ನೀರು ಬಾರದ ವಾರ ಟ್ಯಾಂಕರಿನ ಬೋರ್‌ವೆಲ್ ನೀರನ್ನು ಬಳಸುತ್ತೇನೆ. ಇಷ್ಟಾದರೂ ಎರಡು ಮೀನುಗಳು ಸತ್ತವು. ಉಳಿದೆರಡು ರೆಕ್ಕೆ ಮುದುಡಿಕೊಂಡು, ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿವೆ. ಅಂಗಡಿಯವರು ಕೊಟ್ಟ ನೀಲಿ ಔಷಧಿಯನ್ನು ಹಾಕಿಯೂ ಪ್ರಯೋಜನವಾಗಲಿಲ್ಲ. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿದೆ. ಏನು ತಪ್ಪುತ್ತಿದೆ?

ಉತ್ತರ: ಕೆರೆಯಂಚು

ನೀವು ಸ್ವಲ್ಪ ಸೋಮಾರಿಯಾಗಿದ್ದರೆ ಆ ಮೀನುಗಳು ಬದುಕುತ್ತಿದ್ದವೇನೋ! ತಮಾಷೆಗೆ ಹೇಳುತ್ತಿಲ್ಲ. ಮೀನಿನ ಕಿವಿರಿನಿಂದಲೂ, ಅದರ ಮಲದಿಂದಲೂ, ತಿನ್ನದೆ ಉಳಿದ ಆಹಾರದಿಂದಲೂ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ; ಅದಕ್ಕೆ ಬಣ್ಣವಿಲ್ಲವಾದ್ದರಿಂದ ತಿಳಿನೀರೂ ವಿಷವಾಗಿರಬಹುದು. ಈ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿಯೂ, ಅಷ್ಟೇ ಅಪಾಯಕಾರಿಯಾದ ಆ ನೈಟ್ರೈಟನ್ನು ಮತ್ತೊಂದು ಬಗೆಯವು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವು ನೆಲೆಸುವುದು ಸ್ಪಂಜಿನಲ್ಲಿ ಮತ್ತು ಕಲ್ಲುಗಳ ಮೈಮೇಲೆ. ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನೀವು ಏಳನೆಯ ದಿನಕ್ಕೇ ಕ್ಲೋರಿನ್ ನೀರಿನಲ್ಲಿ ಅವುಗಳನ್ನು ತೊಳೆದುಹಾಕುತ್ತಿದ್ದೀರಿ.

ಎರಡು ದಿನ ಆಹಾರ ನಿಲ್ಲಿಸಿ, ಗಾಳಿಯ ಪಂಪನ್ನು ಹಗಲಿರುಳು ಓಡಿಸಿ, ಇಂದೇ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿಗೆ ಆ್ಯಂಟಿ ಕ್ಲೋರಿನ್ ಹನಿಗಳನ್ನು ಹಾಕಿಯೇ ತುಂಬಬೇಕು. ಬರಿಯ ಕ್ಲೋರಿನ್ ಆದರೆ ಒಂದು ದಿನ ಬಕೆಟ್ಟಿನಲ್ಲಿ ಗಾಳಿಯಾಡಿಸಿದರೂ ಹೋಗುತ್ತದೆ, ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ ಸಂಯುಕ್ತ) ಇದ್ದರೆ ಹೋಗುವುದಿಲ್ಲ. ಸ್ಪಂಜು ಕಟ್ಟಿಕೊಂಡಾಗ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು.

ಉತ್ತರ: ತುಂಗಾತೀರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ನೀರನ್ನು ಒಮ್ಮೆಲೇ ಬದಲಿಸುವ ವಿಷಯದಲ್ಲಿ ನನಗೆ ಅಳುಕಿದೆ. ಹೊಸ ನೀರಿನಿಂದಾಗಿ ತೊಟ್ಟಿಯ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಈ ವಾರ ನಲ್ಲಿ ನೀರು, ಮುಂದಿನ ವಾರ ಗಡಸು ಬೋರ್‌ವೆಲ್ ನೀರು ಎಂದಾದರೆ ಮೀನಿಗೆ ಒಗ್ಗಿಕೊಳ್ಳುವುದಕ್ಕೇ ಬಿಡುವಿಲ್ಲ. ಒಂದೇ ಮೂಲದ ನೀರನ್ನು ಹಿಡಿದಿಟ್ಟು, ದಿನಕ್ಕೆ ಕಾಲು ಭಾಗದಂತೆ ಮೂರು ನಾಲ್ಕು ದಿನ ಬದಲಿಸುವುದು ಒಳಿತು. ನಿಮ್ಮ ತೊಟ್ಟಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 50 ಲೀಟರ್. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುವ, ಬಹಳ ಹೊಲಸು ಮಾಡುವ ಮೀನು. ಅಲ್ಲಿ ನಾಲ್ಕನ್ನು ಸಾಕಲು ಹೇಳಿದವರು ಮಾರಾಟವನ್ನಷ್ಟೇ ನೋಡಿದ್ದಾರೆ.

ಉತ್ತರ: ಗಪ್ಪಿಮನೆ

ನೀಲಿ ಔಷಧಿ ಮೆಥಿಲೀನ್ ಬ್ಲೂ ಆಗಿದ್ದರೆ ಅದು ಫಿಲ್ಟರಿನ ಬ್ಯಾಕ್ಟೀರಿಯಗಳಿಗೂ ಮಾರಕ. ಅದನ್ನು ಬೇರೆ ಪಾತ್ರೆಯಲ್ಲಿ, ರೋಗವೇನೆಂದು ಗೊತ್ತಾದ ಮೇಲಷ್ಟೇ ಬಳಸಬೇಕು. ಮೊದಲು ನೀರಿನ ಅಮೋನಿಯ, ನೈಟ್ರೈಟ್ ಅಳೆಯುವ ಒಂದು ಪರೀಕ್ಷಾ ಕಿಟ್ ಕೊಳ್ಳಿರಿ.

ಹೊಸಕೊಳ (ಆರು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಿಟ್ ತಂದ ದಿನ ಗಾಜಿನ ನಳಿಕೆಯಲ್ಲಿ ಹಳದಿಯಾಗಿ ಉಳಿಯಬೇಕಿದ್ದ ನೀರು ಐದು ನಿಮಿಷದಲ್ಲಿ ಹಸಿರಾಯಿತು. ಬಣ್ಣದ ಪಟ್ಟಿಗೆ ಹಿಡಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯ. ದಿನಕ್ಕೆ ಕಾಲು ಭಾಗದ ಕ್ರಮವನ್ನೇ ಅನುಸರಿಸಿದೆ. ಮೂರನೆಯ ವಾರ ನೈಟ್ರೈಟ್ ಏರಿದಾಗ ಗಾಬರಿಯಾಯಿತು, ಈಗ ಎರಡೂ ಸೊನ್ನೆಗೆ ಇಳಿದಿವೆ. ಉಳಿದಿದ್ದ ಎರಡೂ ಮೀನುಗಳು ರೆಕ್ಕೆ ಬಿಚ್ಚಿ ಓಡಾಡುತ್ತಿವೆ. ಇನ್ನೆರಡು ಬೇಕೆಂಬ ಮಗಳ ಬೇಡಿಕೆಯನ್ನು ಸದ್ಯಕ್ಕೆ ತಳ್ಳಿಹಾಕಿದ್ದೇನೆ. ಸ್ಪಂಜು ಮಾತ್ರ ಕಂದುಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿದೆ. ಅದನ್ನು ಬಿಸಿನೀರಿನಲ್ಲಿ ಅದ್ದಿ ತೊಳೆಯಲು ಹೊರಟ ನಮ್ಮ ತಾಯಿಯವರನ್ನು ಈಗಾಗಲೇ ಎರಡು ಸಲ ತಡೆದಿದ್ದೇನೆ.