ತಂತ್ರಜ್ಞಾನದ ತತ್ವಶಾಸ್ತ್ರಕ್ಕೆ ಕಾಂಟ್ ಕೇಳಿದ ಪ್ರಶ್ನೆ ಇನ್ನೂ ಬೇಕಾ?

ಪ್ರಶ್ನೆ:
ಎಂ.ಎ.ಗೆ ಈ ವಿಷಯ ಓದುತ್ತಿದ್ದೇನೆ. ನಮಗೆ ಯಾವುದೇ ಅನುಭವ ಆಗಬೇಕಾದರೆ ಅದಕ್ಕೂ ಮೊದಲು ಏನಿರಲೇಬೇಕು ಅಂತ ಜರ್ಮನ್ ತತ್ವಜ್ಞಾನಿ ಕಾಂಟ್ 1781ರಲ್ಲಿ ಕೇಳಿದ. ಇಪ್ಪತ್ತನೇ ಶತಮಾನದ ಜರ್ಮನ್ ತತ್ವಜ್ಞಾನಿ ಹೈಡೆಗ್ಗರ್ ಅದೇ ಜಾಡಿನಲ್ಲಿ ಯಂತ್ರಗಳನ್ನು ಬದಿಗಿಟ್ಟು, ಜಗತ್ತೆಲ್ಲ ಬಳಕೆಗೆ ಕಾದಿರುವ ಸರಕಿನ ಹಾಗೆ ಕಾಣುವುದು ಯಾವ ನೋಟದಿಂದ ಅಂತ ಹುಡುಕಿದ. ಆಮೇಲೆ ಬಂದ ತಂತ್ರಜ್ಞಾನದ ತತ್ವಜ್ಞಾನಿಗಳಾದ ಡಾನ್ ಐಡಿ, ಪೀಟರ್-ಪೌಲ್ ವರ್ಬೀಕ್ ಅವರು ಒಂದೊಂದು ವಸ್ತುವನ್ನೇ ಹತ್ತಿರದಿಂದ ನೋಡೋಣ ಅಂದರು. ಹಾಗಾದರೆ ಟ್ರಾನ್ಸೆಂಡೆಂಟಲ್ ಯೋಚನೆಗೆ, ಅಂದರೆ ಅನುಭವಕ್ಕೆ ಮೊದಲೇ ಇರಬೇಕಾದ ಶರತ್ತುಗಳನ್ನು ಹುಡುಕುವ ಯೋಚನೆಗೆ, ಇನ್ನೂ ಕೆಲಸ ಇದೆಯಾ?

ಉತ್ತರ 1:
ಇಲ್ಲ ಅನ್ನುತ್ತೇನೆ. ಅಷ್ಟು ಎತ್ತರದಿಂದ ನೋಡಿದರೆ ವ್ಯತ್ಯಾಸಗಳೆಲ್ಲ ಅಳಿಸಿಹೋಗುತ್ತವೆ. 1949ರಲ್ಲಿ ಬ್ರೆಮೆನ್‌ನಲ್ಲಿ ಮಾತಾಡುತ್ತಾ ಹೈಡೆಗ್ಗರ್, ಯಂತ್ರದ ಬೇಸಾಯವೂ ನಾಜಿಗಳ ಗ್ಯಾಸ್ ಚೇಂಬರ್‌ಗಳಲ್ಲಿ ನಡೆದ ಕೊಲೆಗಳೂ ಸಾರದಲ್ಲಿ ಒಂದೇ ಅಂದುಬಿಟ್ಟ. ಅಂಥ ಮಾತು ಹುಟ್ಟಿಸುವ ಯೋಚನೆಯನ್ನು ಹೇಗೆ ನಂಬೋದು?

ಉತ್ತರ 2:
ಆ ಮಾತನ್ನು ಯಾರೂ ಸಮರ್ಥಿಸಬಾರದು. ಆದರೆ ಉತ್ತರ ಕೆಟ್ಟದ್ದು ಅಂತ ಪ್ರಶ್ನೆಯನ್ನೂ ಎಸೆಯಬೇಕಾ? ವರ್ಬೀಕ್ ಅವರದೇ ಉದಾಹರಣೆ ತಗೊಳ್ಳಿ, ಬಸುರಿಯರ ಸ್ಕ್ಯಾನಿಂಗ್. ಪರದೆ ಮೇಲೆ ಮಗು ತಾಯಿಯ ಮೈಯಿಂದ ಬೇರೆಯಾಗಿ, ದೊಡ್ಡದಾಗಿ ಕಾಣುತ್ತದೆ. 11ರಿಂದ 14ನೇ ವಾರದೊಳಗೆ ಅದರ ಕತ್ತಿನ ಹಿಂದಿನ ನೀರಿನ ಪದರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ, ಅದು ದಪ್ಪ ಇದ್ದರೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಜಾಸ್ತಿ. ಆ ಅಳತೆ ಕೈಗೆ ಬಂತು ಅಂದರೆ ಹುಟ್ಟದ ಮಗು ಆಗಲೇ ರೋಗಿ, ಅಪ್ಪ-ಅಮ್ಮ ತೀರ್ಮಾನ ಮಾಡಲೇಬೇಕಾದವರು. ಟೆಸ್ಟ್ ಬೇಡ ಅನ್ನುವುದೂ ಒಂದು ತೀರ್ಮಾನವೇ! ಏನು ಕಾಣಬಹುದು, ಏನು ಕೇಳಬಹುದು ಅನ್ನುವುದನ್ನೇ ಯಂತ್ರ ಬದಲಾಯಿಸಿದೆ. ಇದು ಕಾಂಟನ ಪ್ರಶ್ನೆಯೇ ಅಲ್ವಾ, ಒಂದು ಯಂತ್ರದ ಮುಂದೆ ಕೂತು ಕೇಳಿದ್ದು ಅಷ್ಟೆ.

ಪ್ರಶ್ನೆ ಕೇಳಿದವರು:
ಆದರೆ ಕಾಂಟ್ ಹೇಳಿದ ಶರತ್ತುಗಳು ಎಲ್ಲ ಮನುಷ್ಯರಿಗೂ ಎಲ್ಲ ಕಾಲಕ್ಕೂ ಒಂದೇ. ಸ್ಕ್ಯಾನಿಂಗ್ ನಿನ್ನೆ ಮೊನ್ನೆ ಬಂದದ್ದು.

ಉತ್ತರ 3:
ಶರತ್ತುಗಳು ಬದಲಾಗುತ್ತವೆ ಅನ್ನುವುದಕ್ಕೇ ಈ ಪ್ರಶ್ನೆ ಈಗ ಜಾಸ್ತಿ ಮುಖ್ಯ ಅನ್ನುತ್ತೇನೆ. ವರ್ಬೀಕ್ ಅವರ ನೆದರ್ಲ್ಯಾಂಡ್ಸಿನಲ್ಲಿ ಗಂಡೋ ಹೆಣ್ಣೋ ಅಂತ ಕೇಳಿದರೆ ಹೇಳುತ್ತಾರೆ. ನಮ್ಮಲ್ಲಿ ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಕಾನೂನಿನ ಪ್ರಕಾರ ಸನ್ನೆಯಲ್ಲೂ ಹೇಳುವ ಹಾಗಿಲ್ಲ, ಹೇಳುವುದಿಲ್ಲ ಅಂತ ಬೋರ್ಡ್ ಬೇರೆ ಹಾಕಬೇಕು, ಬಸುರಿಯ ಪ್ರತಿ ಸ್ಕ್ಯಾನಿಗೂ ಎಫ್ ಫಾರಂ ಅನ್ನುವ ದಾಖಲೆ ತುಂಬಬೇಕು. ಅದೇ ಯಂತ್ರ, ಅದೇ ಚಿತ್ರ. ಆದರೂ ಆ ಕೋಣೆಯಲ್ಲಿ ಏನು ಕೇಳಬಹುದು ಅನ್ನುವುದು ಬೇರೆ, ಯಾಕಂದರೆ ಗಂಡು ಮಗು ಬೇಕೆಂಬ ಹಟವೂ ಅದನ್ನು ತಡೆಯುವ ಕಾನೂನೂ ಯಂತ್ರದ ಜೊತೆಗೇ ಶರತ್ತುಗಳಾಗಿ ನಿಂತಿವೆ. ಯಂತ್ರವನ್ನು ಮಾತ್ರ ನೋಡುತ್ತಾ ಕೂತರೆ ಇವು ಕಾಣಲ್ಲ. ಹೈಡೆಗ್ಗರ್ ಹಾಗೆ ಎಲ್ಲವನ್ನೂ ಒಂದೇ ಸಾರಕ್ಕೆ ಇಳಿಸಿದರೂ ಕಾಣಲ್ಲ.